ಮಾಣಿ ಎಂಬುದು ಹೆಸರಲ್ಲ

ಹಳೆಯ ಫೋಟೋಗಳಿಗೆ ಈಗ ಭಾರೀ ಬೇಡಿಕೆ. ಸಂಘದ ವಿಶೇಷಾಂಕವಿರಲಿ, ಕಥಾ ಕಮ್ಮಟವಿರಲಿ, ಕರೆ ಒಂದೇ: ಅಜ್ಜ ಅಜ್ಜಿಯರ ಕಾಲದ ಒಂದು ಚಿತ್ರ ತನ್ನಿ, ಅದನ್ನು ನೋಡಿ ಕತೆಯೋ ಕವಿತೆಯೋ ಬರೆಯಿರಿ, ನಮ್ಮ ದಕ್ಷಿಣದ ಪರಂಪರೆಯೇ ನಿಮಗೆ ಸ್ಫೂರ್ತಿಯಾಗಲಿ. ಮುಂಬಯಿಯಲ್ಲಿ ಹುಟ್ಟಿ ಬೆಳೆದ ನನ್ನಂಥವರಿಗೆ ಇದು ಬೇಗ ಹಿಡಿಸುತ್ತದೆ. ಊರಿನ ಮನೆ ಮಾರಿಯಾಗಿದೆ, ಗದ್ದೆ ಹಡಿಲು ಬಿದ್ದಿದೆ, ಟ್ರಂಕಿನ ತಳದಲ್ಲಿದ್ದ ಹತ್ತು ಹದಿನೈದು ಫೋಟೋ ಮಾತ್ರ ಉಳಿದಿವೆ.

ನನ್ನ ತಕರಾರು ಈ ಸಂಭ್ರಮದ ಮೇಲೆಯೇ. ಆದರೆ ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ.

ನಮ್ಮ ಅಜ್ಜಯ್ಯ ಗಿರಗಾಂವಿನಲ್ಲಿ ಸಣ್ಣ ಹೋಟೆಲು ನಡೆಸುತ್ತಿದ್ದರು. 1957ರ ಒಂದು ಫೋಟೋದಲ್ಲಿ ಅವರು ಗಲ್ಲಾದ ಹಿಂದೆ ಕೋಟು ಹಾಕಿಕೊಂಡು ಕೂತಿದ್ದಾರೆ. ಬಲಗಡೆಯ ಅಂಚಿನಲ್ಲಿ ಬರಿಗಾಲಿನ ಒಬ್ಬ ಹುಡುಗ, ಕೈಯಲ್ಲಿ ಖಾಲಿ ಗ್ಲಾಸುಗಳು, ಅರ್ಧ ಮುಖ ಕ್ಯಾಮೆರಾದ ಕಡೆ. ಆರು ವರ್ಷದ ಹಿಂದೆ ಆ ಫೋಟೋ ಇಟ್ಟುಕೊಂಡು ಒಂದು ಕತೆ ಬರೆದೆ. ಸಮುದ್ರ ದಾಟಿ ಬಂದ ಅಜ್ಜ, ಹಿತ್ತಾಳೆ ಫಿಲ್ಟರ್, ಕಾಫಿಯ ಹಬೆ, ಎಲ್ಲವೂ ಇತ್ತು. ಕತೆಯ ಜೊತೆ ಹಾಕಲು ಫೋಟೋವನ್ನೂ ಕೊಟ್ಟೆ. ಚೌಕಟ್ಟಿಗೆ ಸರಿಹೊಂದಲಿ ಎಂದು ಬಲಗಡೆ ಸ್ವಲ್ಪ ಕತ್ತರಿಸಿದೆ.

ಕಳೆದ ವರ್ಷ ಕುಂದಾಪುರದ ಹತ್ತಿರ ಒಂದು ಬೊಜ್ಜಕ್ಕೆ ಹೋಗಿದ್ದಾಗ ಊಟವಾದ ಮೇಲೆ ಮೂಲ ಫೋಟೋ ಕೈಯಿಂದ ಕೈಗೆ ಹೋಯಿತು. ಎಂಬತ್ತರ ಹತ್ತಿರದ ಒಬ್ಬರು ಅದನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. "ಇದ್ ನಾನೇ ಅಲ್ದಾ ಮರಾಯಾ" ಅಂದರು. ಹನ್ನೊಂದನೇ ವಯಸ್ಸಿಗೆ ಸ್ಟೀಮರ್ ಹತ್ತಿ ಬಂದವರು. ಹಗಲು ಟೇಬಲ್ ಒರೆಸಿ, ಸಂಜೆ ಕನ್ನಡ ರಾತ್ರಿಶಾಲೆಗೆ ಹೋಗಿ, ಹೋಟೆಲು ಮುಚ್ಚಿದ ಮೇಲೆ ಅದೇ ಟೇಬಲ್ ಮೇಲೆ ಮಲಗುತ್ತಿದ್ದರು. ಅವರ ಬಾಲ್ಯದ ಬೇರೆ ಯಾವ ಫೋಟೋವೂ ಇಲ್ಲ. ಇದೊಂದೇ. ಅದನ್ನೇ ನಾನು ಕತ್ತರಿಸಿದ್ದೆ.

ನಮ್ಮ ಮನೆಯಲ್ಲಿ ಆ ಹುಡುಗ ಯಾರೆಂದು ಕೇಳಿದ್ದರೆ ಏನು ಹೇಳುತ್ತಿದ್ದರು ಗೊತ್ತೇ? "ಯಾರೋ ಮಾಣಿ." ಅಜ್ಜಯ್ಯನ ಕೋಟಿನ ಬಟ್ಟೆ ಯಾವ ಅಂಗಡಿಯದು ಎಂಬುದು ಮಾತ್ರ ಎಲ್ಲರಿಗೂ ನೆನಪಿದೆ.

ಇನ್ನೊಂದು ದಕ್ಷಿಣದ ಮಾತು ಹೇಳುತ್ತೇನೆ, ಅಮೆರಿಕದ್ದು. 1850ರಲ್ಲಿ ಸೌತ್ ಕೆರೊಲಿನಾದ ಕೊಲಂಬಿಯಾದಲ್ಲಿ ಕೆಲವು ಗುಲಾಮರ ಬಟ್ಟೆ ಬಿಚ್ಚಿಸಿ ಫೋಟೋ ತೆಗೆಸಿದರು. ತೆಗೆಸಿದವನು ಲೂಯಿ ಅಗಸ್ಸಿ ಎಂಬ ಹಾರ್ವರ್ಡ್ ವಿಜ್ಞಾನಿ, ಕಪ್ಪು ಜನರು ಬೇರೆಯೇ ಜಾತಿಯ ಜೀವಿಗಳೆಂದು ಸಾಧಿಸಲು ಹೊರಟಿದ್ದವನು. ಅದರಲ್ಲಿದ್ದ ಒಬ್ಬ ರೆಂಟಿ. ತಾನು ಅವನ ವಂಶದವಳು ಎಂದು ಟಮಾರಾ ಲೇನಿಯರ್ 2019ರಲ್ಲಿ ಹಾರ್ವರ್ಡ್ ಮೇಲೆ ದಾವೆ ಹೂಡಿದರು. 2025ರಲ್ಲಿ ರಾಜಿಯಾಗಿ ಆ ಚಿತ್ರಗಳನ್ನು ಬಿಟ್ಟುಕೊಡಲು ವಿಶ್ವವಿದ್ಯಾಲಯ ಒಪ್ಪಿತು. ಲೇನಿಯರ್ ಅವರ ತಾಯಿ ಹೇಳುತ್ತಿದ್ದ ಪಾಪಾ ರೆಂಟಿಯ ಕತೆಗೂ ಆ ಚಿತ್ರಕ್ಕೂ ನಂಟು ಬೆಸೆದದ್ದು ಚಿತ್ರದ ಜೊತೆಯ ಚೀಟಿಯ ಮೇಲಿದ್ದ ಹೆಸರು. ಅಷ್ಟು ಹೀನ ಉದ್ದೇಶದ ಚಿತ್ರಕ್ಕೂ ಯಾರೋ ಹೆಸರು ಬರೆದಿಟ್ಟಿದ್ದರು. ಪ್ರೀತಿಯಿಂದ ಫೋಟೋ ಕಾಪಾಡಿದ ನಾವು ಬರೆದಿಲ್ಲ. ಗುಲಾಮಗಿರಿಯನ್ನೂ ಹೋಟೆಲ್ ಚಾಕರಿಯನ್ನೂ ನಾನು ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. ಹೋಲಿಕೆ ಚೀಟಿಯ ಮಟ್ಟಿಗೆ ಮಾತ್ರ.

ಗೊತ್ತಿಲ್ಲದಿರುವುದೇ ಕಲ್ಪನೆಗೆ ಜಾಗ, ಎಲ್ಲ ವಿವರ ಸಿಕ್ಕರೆ ಕತೆ ಎಲ್ಲಿ ಉಳಿಯುತ್ತದೆ ಎಂದು ಸ್ನೇಹಿತರು ವಾದಿಸುತ್ತಾರೆ. ಗೊತ್ತಾಗದೆ ಇರುವುದು ಬೇರೆ, ಕೇಳದೆ ಇರುವುದು ಬೇರೆ. ನಾನು ಕೇಳಲಿಲ್ಲ. ಊರಿಗೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಕೇಳಿದ್ದರೆ ಕಾಫಿಯ ಹಬೆಯ ಬದಲು ಟೇಬಲ್ ಮೇಲೆ ಮಲಗಿದ ಹುಡುಗನ ಕತೆ ಸಿಗುತ್ತಿತ್ತು. ಅದು ಅಜ್ಜಯ್ಯನಿಗೆ ಅಷ್ಟೇನೂ ಹಿತವಾಗಿರುತ್ತಿರಲಿಲ್ಲ. ನಮ್ಮ ಸ್ಫೂರ್ತಿಗೆ ಇದೇ ಭಯ ಅಂತ ನನ್ನ ಗುಮಾನಿ.

ಈಗ ಫೋಟೋಗೆ ಬಣ್ಣ ತುಂಬುವ ಆಟವೂ ಸೇರಿಕೊಂಡಿದೆ. ಆರ್ಥೊಕ್ರೊಮ್ಯಾಟಿಕ್ ಫಿಲ್ಮು ಬಳಸುತ್ತಿದ್ದ ಕಾಲದ ಸ್ಟುಡಿಯೋ ಚಿತ್ರಗಳಲ್ಲಿ ಕೆಂಪು ಕಪ್ಪಾಗಿ ಬೀಳುತ್ತಿತ್ತು, ಆ ಫಿಲ್ಮಿಗೆ ಕೆಂಪು ಕಾಣುತ್ತಲೇ ಇರಲಿಲ್ಲ. ನನ್ನ ತಂಗಿ ಅಜ್ಜಿಯ ಮದುವೆಯ ಚಿತ್ರವನ್ನು ಎಐಗೆ ಕೊಟ್ಟಳು, ಸೀರೆ ಕಡುನೀಲಿಯಾಗಿ ಬಂತು. ಎಲ್ಲರೂ ಆಹಾ ಎಂದರು. ಅಜ್ಜಿಯ ತಂಗಿ, ತೊಂಬತ್ತು ದಾಟಿದವರು, ಪಕ್ಕದ ಕೋಣೆಯಲ್ಲೇ ಇದ್ದರು. ತೋರಿಸಿದಾಗ "ಕೆಂಪು ಪಟ್ಟೆ ಸೀರೆ ಅದು, ನಾನೇ ಮಡಿಚಿ ಇಟ್ಟದ್ದಲ್ಲವಾ" ಎಂದು ಬೈದರು. ನೀಲಿ ಸೀರೆಯ ಚಿತ್ರಕ್ಕೆ ಚೌಕಟ್ಟು ಹಾಕಿಸಿಯಾಗಿತ್ತು. ಇನ್ನೂ ಗೋಡೆಯ ಮೇಲೆ ಅದೇ ಇದೆ.

ಹಾಗಾಗಿ ಸಂಪಾದಕರಲ್ಲಿ, ಕಮ್ಮಟ ನಡೆಸುವವರಲ್ಲಿ ನನ್ನ ಬೇಡಿಕೆ: ಫೋಟೋದಲ್ಲಿರುವ ಎಲ್ಲರೂ ಯಾರೆಂದು ವಿಚಾರಿಸದೆ ಬಂದ ಬರಹವನ್ನು ವಾಪಸು ಕಳಿಸಿ. ಹುಡುಕಿಯೂ ಸಿಗಲಿಲ್ಲವೆಂದರೆ ಹಾಗೆಂದೇ ಬರೆಯಲಿ. ಅಂಚಿನವರನ್ನು ಕತ್ತರಿಸಿದ ಚಿತ್ರ ಹಾಕಬೇಡಿ. ನನ್ನ ಕತೆಯಿಂದಲೇ ಶುರು ಮಾಡಬಹುದು.

ಆ ಹಿರಿಯರು ಕೇಳಿದ್ದು ಒಂದು ಪ್ರತಿ, ಮೊಮ್ಮಕ್ಕಳಿಗೆ ತೋರಿಸಲು. ದೊಡ್ಡದು ಮಾಡಿಸಿ ಕಳಿಸಿದೆ. ಹೆಸರನ್ನು ಎಲ್ಲಿಯೂ ಅಚ್ಚು ಹಾಕಬೇಡ ಅಂದರು, ಹಾಕಿಲ್ಲ. ಮೂಲ ಫೋಟೋದ ಹಿಂದೆ ಪೆನ್ಸಿಲಿನಲ್ಲಿ ಬರೆದಿದ್ದೇನೆ, ಅಜ್ಜಯ್ಯನ ಹೆಸರಿನ ಪಕ್ಕದಲ್ಲಿ. ಕತೆ ಓದಲು ಕೇಳಿದರು. ಅದನ್ನು ಇನ್ನೂ ಕೊಟ್ಟಿಲ್ಲ.