ಆ ನಾಲ್ಕು ಸಾಲಿನ ಕೋಷ್ಟಕದಿಂದ ಶುರು ಮಾಡಬೇಕೆ?

ಕೊಳ್ಳೇಗಾಲ, ಹನೂರು, ಯಳಂದೂರಿನಿಂದ ಬಿಸಿಎ, ಡಿಪ್ಲೊಮಾ, ಎಂಜಿನಿಯರಿಂಗ್ ಸೇರುವ ಮಕ್ಕಳ ಸಿ ಭಾಷೆಯ ನೋಟ್ಸಿನಲ್ಲಿ ಒಂದು ಕೋಷ್ಟಕ ಇದ್ದೇ ಇರುತ್ತದೆ. ಆಟೊ, ರಿಜಿಸ್ಟರ್, ಸ್ಟ್ಯಾಟಿಕ್, ಎಕ್ಸ್‌ಟರ್ನ್ ಎಂದು ನಾಲ್ಕು ಸಾಲು. ಪ್ರತಿಯೊಂದರ ಮುಂದೆ ಎಲ್ಲಿ ಸಂಗ್ರಹ, ಆರಂಭದ ಬೆಲೆ ಏನು, ಸ್ಕೋಪ್ (ಹೆಸರು ಕಾಣುವ ವ್ಯಾಪ್ತಿ) ಎಷ್ಟು, ಲೈಫ್‌ಟೈಮ್ (ಜಾಗದ ಆಯುಸ್ಸು) ಎಷ್ಟು ಎಂಬ ವಿವರ. ಬಾಯಿಪಾಠ ಮಾಡಿದರೆ ಅಂಕ ಖಾತ್ರಿ. ಇದನ್ನು ಕಲಿಸುವ ಮೇಷ್ಟ್ರುಗಳ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೂ ಪಾಠ ಈ ಕೋಷ್ಟಕದಿಂದ ಶುರುವಾಗಬಾರದು ಎಂದು ವಿನಯದಿಂದಲೇ ಹೇಳುತ್ತೇನೆ.

ಲೋಕಲ್ ವೇರಿಯಬಲ್ಲಿಗೆ ಸ್ಕೋಪ್ ‘ಬ್ಲಾಕಿನೊಳಗೆ’, ಲೈಫ್‌ಟೈಮ್ ‘ಬ್ಲಾಕ್ ಮುಗಿಯುವ ತನಕ’ ಎಂದು ಅಕ್ಕಪಕ್ಕದಲ್ಲಿ ಬರೆದಾಗ ಓದುವವರಿಗೆ ಎರಡೂ ಒಂದೇ ಅನ್ನಿಸುತ್ತದೆ. ಹೆಸರು ಕಾಣದ ಕಡೆ ವೇರಿಯಬಲ್ಲೇ ಇಲ್ಲ ಎಂಬ ನಂಬಿಕೆ ಬೇರೂರುತ್ತದೆ.

ಈ ನಂಬಿಕೆ ಸುಳ್ಳೆಂದು ತೋರಿಸಲು ಮೊದಲ ವಾರ ಬರೆಯುವ ಸ್ಕ್ಯಾನ್‌ಎಫ್ ಒಂದೇ ಸಾಕು. ಮೇನ್ ಫಂಕ್ಷನ್ನಿನಲ್ಲಿ ಎನ್ ಎಂಬ ಇಂಟ್ ಇದೆ ಎನ್ನಿ. ಸ್ಕ್ಯಾನ್‌ಎಫ್ ಒಳಗೆ ಆ ಹೆಸರು ಕಾಣುವುದಿಲ್ಲ. ಆದರೆ ಎನ್‌ನ ಜಾಗ ಮೆಮೊರಿಯಲ್ಲಿ ಹಾಗೇ ಇದೆ. ಆಂಪರ್‌ಸ್ಯಾಂಡ್ ಹಾಕಿ ನಾವು ಕಳಿಸುವುದು ಆ ಜಾಗದ ವಿಳಾಸವನ್ನು. ಸ್ಕ್ಯಾನ್‌ಎಫ್ ಅಲ್ಲಿಗೇ ಹೋಗಿ ಬೆಲೆ ಬರೆದು ಬರುತ್ತದೆ. ‘ಆಂಪರ್‌ಸ್ಯಾಂಡ್ ಮರೆಯಬೇಡಿ’ ಎಂಬ ಎಚ್ಚರಿಕೆಯ ಹಿಂದಿರುವ ಕಾರಣ ಇಷ್ಟೇ. ಅದನ್ನು ಪಾಯಿಂಟರ್ ಅಧ್ಯಾಯದ ತನಕ ಮುಂದೂಡುತ್ತೇವೆ.

ಹೆಸರು ಬೇರೆ, ಜಾಗ ಬೇರೆ ಎಂಬುದಕ್ಕೆ ನಮ್ಮ ಊರುಗಳೇ ಉದಾಹರಣೆ. 1956ಕ್ಕೆ ಮುಂಚೆ ಕೊಳ್ಳೇಗಾಲ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು; ಆಮೇಲೆ ಮೈಸೂರು ಜಿಲ್ಲೆ, 1997ರಿಂದ ಚಾಮರಾಜನಗರ ಜಿಲ್ಲೆ. ಕೊಳ್ಳೇಗಾಲ ತಾಲ್ಲೂಕಿನೊಳಗಿದ್ದ ಹನೂರು ಈಗ ತಾನೇ ಒಂದು ತಾಲ್ಲೂಕು. ಹೊಲ ಮಾತ್ರ ಇದ್ದಲ್ಲೇ ಇದೆ. ಯಾವ ಕಚೇರಿಯಲ್ಲಿ ಯಾವ ಹೆಸರಿನಡಿ ಅದನ್ನು ಹುಡುಕಬೇಕು ಎಂಬುದಷ್ಟೇ ಬದಲಾಯಿತು. ಈ ಭೇದ ನಮ್ಮ ಕಡೆಯ ರೈತರ ಮಕ್ಕಳಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕೋಷ್ಟಕದ ಸ್ಟ್ಯಾಟಿಕ್ ಸಾಲಿನಲ್ಲಿ ತೊಡಕು ಇನ್ನೂ ಹೆಚ್ಚು. ಫಂಕ್ಷನ್ನಿನ ಒಳಗೆ ಸ್ಟ್ಯಾಟಿಕ್ ಎಂದರೆ ಜಾಗದ ಆಯುಸ್ಸು ಬದಲಾಗುತ್ತದೆ: ಪ್ರೋಗ್ರಾಂ ನಡೆಯುವಷ್ಟು ಹೊತ್ತೂ ಅದು ಉಳಿಯುತ್ತದೆ, ಹೆಸರು ಮಾತ್ರ ಆ ಬ್ಲಾಕಿಗೇ ಸೀಮಿತ. ಫಂಕ್ಷನ್ನುಗಳ ಹೊರಗಿನ ವೇರಿಯಬಲ್ ಹೇಗೂ ಕೊನೆಯ ತನಕ ಬದುಕಿರುತ್ತದೆ. ಅಲ್ಲಿ ಸ್ಟ್ಯಾಟಿಕ್ ಎಂದರೆ ಆ ಹೆಸರನ್ನು ಬೇರೆ ಫೈಲುಗಳು ಬಳಸದಂತೆ ತಡೆಯುವುದು. ಒಂದೇ ಪದ ಒಂದು ಕಡೆ ಆಯುಸ್ಸಿನ ಮಾತು, ಇನ್ನೊಂದು ಕಡೆ ಹೆಸರಿನ ಮಾತು. ಕೋಷ್ಟಕದ ಒಂದು ಸಾಲು ಎರಡನ್ನೂ ಹೇಳಲಾರದು. ಇನ್ನು ಆಟೊ ಬರೆದರೂ ಬಿಟ್ಟರೂ ಲೋಕಲ್ ವೇರಿಯಬಲ್ಲಿಗೆ ವ್ಯತ್ಯಾಸವಿರಲಿಲ್ಲ. 2011ರ ಸಿ++, ಆಮೇಲೆ ಸಿ23 ಆ ಪದಕ್ಕೆ ಬೇರೆಯೇ ಕೆಲಸ ಕೊಟ್ಟವು. ರಿಜಿಸ್ಟರ್ ಬರೀ ಸಲಹೆ, ಕಂಪೈಲರ್ ಅದನ್ನು ಒಪ್ಪಲೇಬೇಕೆಂದಿಲ್ಲ.

‘ಕನ್ನಡ ಮಾಧ್ಯಮದಿಂದ ಬಂದವರು, ಹಿಡಿದುಕೊಳ್ಳಲು ಏನಾದರೂ ಬೇಕಲ್ಲ’ ಎನ್ನುವವರ ಕಾಳಜಿ ನಿಜವಾದದ್ದೇ. ಆದರೆ ಹದಿನಾರು ಚೌಕದ ಇಂಗ್ಲಿಷ್ ಬಾಯಿಪಾಠಕ್ಕಿಂತ ಎರಡು ಕನ್ನಡ ಪ್ರಶ್ನೆಗಳು ಹಗುರ: ಈ ಹೆಸರು ಎಲ್ಲೆಲ್ಲಿ ಕಾಣುತ್ತದೆ? ಈ ಜಾಗ ಎಷ್ಟು ಹೊತ್ತು ಇರುತ್ತದೆ? ಈ ಮಕ್ಕಳ ಕೈಲಾಗದು ಎಂದು ಮೊದಲೇ ತೀರ್ಮಾನಿಸಿ ಬರೀ ಉರು ಹೊಡೆಸುವುದು ಅವರಿಗೆ ಮಾಡುವ ಅನ್ಯಾಯ.

ಹೆಸರಿನ ವ್ಯಾಪ್ತಿ, ಜಾಗದ ಆಯುಸ್ಸು ಎರಡನ್ನೂ ಬೆರೆಸಿಕೊಂಡವರು ಲೋಕಲ್ ಅರೇಯ ವಿಳಾಸವನ್ನು ರಿಟರ್ನ್ ಮಾಡಿಬಿಡುತ್ತಾರೆ. ಕೆಲವೊಮ್ಮೆ ಸರಿಯಾದ ಉತ್ತರವೇ ಅಚ್ಚಾಗುತ್ತದೆ, ಅದೇ ದೊಡ್ಡ ಅಪಾಯ; ಜಾಗದ ಆಯುಸ್ಸು ಮುಗಿದಿದ್ದರೂ ಹಳೆಯ ಬೆಲೆ ಇನ್ನೂ ಅಳಿಸಿಹೋಗಿರುವುದಿಲ್ಲ. ಪರೀಕ್ಷೆಯಲ್ಲಿ ಕೋಷ್ಟಕ ಕೇಳುವ ಬದಲು ಇಂಥದೊಂದು ಹತ್ತು ಸಾಲಿನ ಪ್ರೋಗ್ರಾಂ ಕೊಡಬಹುದು. ತಪ್ಪು ಎಲ್ಲಿದೆ? ಅರೇಗೆ ಸ್ಟ್ಯಾಟಿಕ್ ಸೇರಿಸಿದರೆ ಸರಿಹೋಗುತ್ತದೆಯೇ? ಹಾಗಾದರೆ ಆ ಫಂಕ್ಷನ್ನನ್ನು ಎರಡನೇ ಸಲ ಕರೆದಾಗ ಮೊದಲ ಉತ್ತರ ಏನಾಗುತ್ತದೆ?