ನಂಬಿಕೆ ಎಂಬ ನೆಪ

ಎಲ್ಲ ಪಾಸ್‌ವರ್ಡುಗಳನ್ನೂ ಕೂಡಿಡುವ ಪಾಸ್‌ವರ್ಡ್ ಮ್ಯಾನೇಜರಿನಲ್ಲಿ ಗಂಡ ಹೆಂಡತಿ ಇಬ್ಬರಿಗೂ ಒಂದೇ ಖಾತೆ, ಅದಕ್ಕೊಂದೇ ಮಾಸ್ಟರ್ ಪಾಸ್‌ವರ್ಡ್. ಯಾಕೆ ಹೀಗೆ ಎಂದು ಕೇಳಿದವರಿಗೆ ಹೆಮ್ಮೆಯಿಂದ ಹೇಳುತ್ತೇವೆ: "ನಮ್ಮಲ್ಲಿ ಮುಚ್ಚುಮರೆ ಇಲ್ಲ." ಎಷ್ಟು ಚೆಂದದ ಮಾತು! ಆದರೆ ಆ ಖಾತೆ ತೆರೆದ ದಿನ ನಮ್ಮ ತಲೆಯಲ್ಲಿ ಪ್ರೀತಿಯೂ ಇರಲಿಲ್ಲ, ವಿಶ್ವಾಸವೂ ಇರಲಿಲ್ಲ. ಇನ್ನೊಂದು ಖಾತೆ ತೆರೆಯಲು ಮೈ ಬಗ್ಗಲಿಲ್ಲ, ಅಷ್ಟೇ. ಆಮೇಲೆ ಆ ಸೋಮಾರಿತನಕ್ಕೆ ದಾಂಪತ್ಯದ ಶಾಲು ಹೊದಿಸಿ ಮೇಲೆ ಕೂರಿಸಿದೆವು.

ಆ ಖಾತೆಯನ್ನು ಒಮ್ಮೆ ಬಿಚ್ಚಿ ನೋಡೋಣ. ಆದಾಯ ತೆರಿಗೆ ಪೋರ್ಟಲ್ಲಿಗೆ ಎರಡು ನಮೂದು, ಎರಡಕ್ಕೂ ಒಂದೇ ಶೀರ್ಷಿಕೆ. ಯಾವ ಪ್ಯಾನ್ ಸಂಖ್ಯೆ ಯಾರದೆಂದು ಒಳಹೊಕ್ಕು ನೋಡಬೇಕು. ಇಬ್ಬರದೂ ಒಂದೇ ಬ್ಯಾಂಕು. ಅವಳು ತನ್ನ ಪಾಸ್‌ವರ್ಡ್ ಬದಲಿಸಿದಾಗ "ಅಪ್‌ಡೇಟ್ ಮಾಡಬೇಕೇ?" ಎಂದು ಪರದೆ ಕೇಳಿತು, ಒಲೆಯ ಮೇಲೆ ಹಾಲಿಟ್ಟ ಅವಸರದಲ್ಲಿ ಒತ್ತಿದಳು. ಅಳಿಸಿಹೋದದ್ದು ಅವನ ಪಾಸ್‌ವರ್ಡ್. ಕೆಲವು ದಿನ ಬಿಟ್ಟು ಅವನು ಲಾಗಿನ್ ಆಗಹೋದರೆ ತಪ್ಪು, ಮತ್ತೆ ತಪ್ಪು, ನೆಟ್‌ಬ್ಯಾಂಕಿಂಗ್ ಲಾಕ್. ಸ್ವಲ್ಪ ಜಾಣರು "ನಂದು", "ಅವಳದು" ಎಂದು ಎರಡು ಫೋಲ್ಡರ್ ಮಾಡಿ ನಿಶ್ಚಿಂತರಾಗಿದ್ದಾರೆ. ಫೋಲ್ಡರ್ ಗೋಡೆಯಲ್ಲ. ಒಂದು ಮಾಸ್ಟರ್ ಪಾಸ್‌ವರ್ಡಿಗೆ ಎರಡೂ ತೆರೆದುಕೊಳ್ಳುತ್ತವೆ, ನಮಗೂ, ಕದ್ದವನಿಗೂ. ಇಷ್ಟೂ ಬೇಡವೆಂದು ಮನೆಯ ಎರಡು ಫೋನಿಗೂ ಗಂಡನ ಗೂಗಲ್ ಖಾತೆಯನ್ನೇ ಹಾಕಿಕೊಂಡವರ ಕಥೆ ಇನ್ನೂ ಘೋರ. ಅಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳನ್ನು ನೋಡಲು ಫೋನಿನ ಸ್ಕ್ರೀನ್ ಲಾಕ್ ಗೊತ್ತಿದ್ದರೆ ಸಾಕು. ಆ ಪ್ಯಾಟರ್ನ್ ಯೂಟ್ಯೂಬ್ ನೋಡುವ ಎಂಟು ವರ್ಷದ ಮಗನಿಗೆ ಗೊತ್ತು, ಅವನ ಗೆಳೆಯರಿಗೂ ಗೊತ್ತು.

ಮನೆಯಲ್ಲಿನ ಉಡಾಫೆ ಮನೆಯಲ್ಲೇ ಉಳಿಯುವುದಿಲ್ಲ. 2022ರಲ್ಲಿ ಲಾಸ್ಟ್‌ಪಾಸ್ ಎಂಬ ಪಾಸ್‌ವರ್ಡ್ ಮ್ಯಾನೇಜರ್ ಸಂಸ್ಥೆಗೆ ಕನ್ನ ಬಿದ್ದದ್ದು ಹೇಗೆ? ಸಂಸ್ಥೆಯ ಒಬ್ಬ ಎಂಜಿನಿಯರ್‌ನ ಮನೆಯ ಕಂಪ್ಯೂಟರಿನಲ್ಲಿ ಸಿನಿಮಾ, ಹಾಡುಗಳಿಗೆಂದು ಹಾಕಿಕೊಂಡಿದ್ದ ಒಂದು ತಂತ್ರಾಂಶದ ದೋಷ ಹಿಡಿದು ಕಳ್ಳರು ಒಳಬಂದರು. ಅವನು ಟೈಪ್ ಮಾಡಿದ ಮಾಸ್ಟರ್ ಪಾಸ್‌ವರ್ಡನ್ನು ಹಾಗೆಯೇ ಎತ್ತಿಕೊಂಡರು. ಕೊನೆಗೆ ಗ್ರಾಹಕರ ಪಾಸ್‌ವರ್ಡ್ ತಿಜೋರಿಗಳ ನಕಲುಗಳೇ ಅವರ ಕೈಸೇರಿದವು. ಪಾಸ್‌ವರ್ಡ್ ಕಾಯುವುದೇ ಕಸುಬಾದವರ ಮನೆಯಲ್ಲಿ ಹೀಗಾಯಿತು. ನಾವಾದರೋ ಕಚೇರಿಯ ವಿಪಿಎನ್ ಪಾಸ್‌ವರ್ಡು, ಆಸ್ಪತ್ರೆಯಲ್ಲಿ ರೋಗಿಗಳ ದಾಖಲೆ ತೆರೆಯುವ ಲಾಗಿನ್ನು, ಆಡಿಟರ್ ಆಗಿದ್ದರೆ ಕಕ್ಷಿದಾರರ ಜಿಎಸ್‌ಟಿ ಖಾತೆಗಳು, ಎಲ್ಲವನ್ನೂ ತಂದು ಸಂಗಾತಿಯ ಸಿನಿಮಾ ಆ್ಯಪಿನ ಪಾಸ್‌ವರ್ಡಿನ ಪಕ್ಕದಲ್ಲಿ ಸುರಿದಿದ್ದೇವೆ. ಹೆಂಡತಿಯಿಂದ ಮುಚ್ಚಿಡುವುದು ನನಗೇನೂ ಇಲ್ಲ ಎನ್ನಬಹುದು. ಆದರೆ ಆ ರೋಗಿಗಳು ಅವಳನ್ನು ಮದುವೆಯಾಗಿಲ್ಲ. ನಮ್ಮ ಗುಟ್ಟನ್ನು ಯಾರಿಗಾದರೂ ಒಪ್ಪಿಸುವ ಹಕ್ಕು ನಮಗಿದೆ. ಪರರ ಗುಟ್ಟನ್ನು ಧಾರೆ ಎರೆಯುವ ಹಕ್ಕು ಕೊಟ್ಟವರಾರು?

ಕಾನೂನಿಗೆ ನಮ್ಮ ಒಲುಮೆ ಲೆಕ್ಕಕ್ಕಿಲ್ಲ. ಬೆಂಗಳೂರಿನ ಒಬ್ಬ ಮಹಿಳೆ 2013ರಲ್ಲಿ ಹೆರಿಗೆ ರಜೆಯಲ್ಲಿದ್ದಾಗ ಎಟಿಎಂ ಕಾರ್ಡನ್ನೂ ಪಿನ್ನನ್ನೂ ಗಂಡನಿಗೆ ಕೊಟ್ಟು ಹಣ ತರಲು ಕಳಿಸಿದರು. ಯಂತ್ರ ಚೀಟಿ ಕೊಟ್ಟಿತು, 25,000 ರೂಪಾಯಿ ಕೊಡಲಿಲ್ಲ. ವ್ಯಾಜ್ಯ ವರ್ಷಗಟ್ಟಲೆ ನಡೆದು 2018ರಲ್ಲಿ ಗ್ರಾಹಕರ ವೇದಿಕೆ ಬ್ಯಾಂಕಿನ ಪರ ತೀರ್ಪಿತ್ತಿತು: ಪಿನ್ ಹೇಳಿದ್ದೇ ತಪ್ಪು, ಬರಲಾಗದಿದ್ದರೆ ಸೆಲ್ಫ್ ಚೆಕ್ಕೋ ಅಧಿಕಾರ ಪತ್ರವೋ ಕೊಡಬೇಕಿತ್ತು. ಬಾಣಂತಿಗೆ ಇದು ಕ್ರೂರ ಅನ್ನಿಸಿದರೆ ಆಶ್ಚರ್ಯವಿಲ್ಲ, ನನಗೂ ಅನ್ನಿಸುತ್ತದೆ. ಆದರೆ ನಿಯಮ ಅದೇ. ರಿಸರ್ವ್ ಬ್ಯಾಂಕ್ 2017ರ ಜುಲೈಯಲ್ಲಿ ಹೊರಡಿಸಿದ ಸುತ್ತೋಲೆಯೂ ಅದನ್ನೇ ಹೇಳಿತು: ಪಾವತಿಯ ಗುಟ್ಟನ್ನು ಗ್ರಾಹಕ ತಾನೇ ಹಂಚಿಕೊಂಡು ನಷ್ಟವಾದರೆ, ಬ್ಯಾಂಕಿಗೆ ದೂರು ಮುಟ್ಟಿಸುವವರೆಗಿನ ನಷ್ಟವೆಲ್ಲ ಅವನ ತಲೆಗೇ. ಇವೆಲ್ಲ ಪತ್ರಿಕೆಗಳಲ್ಲಿ ಬಂದಿವೆ, ಬ್ಯಾಂಕಿನ ಮೆಸೇಜುಗಳಲ್ಲಿ ವಾರಕ್ಕೊಮ್ಮೆ ಬರುತ್ತಿವೆ. ಓದುತ್ತೇವೆ, ಅಳಿಸುತ್ತೇವೆ.

ಈ "ಜಂಟಿ" ಖಾತೆ ನಿಜಕ್ಕೂ ಜಂಟಿಯೇ ಎಂಬುದು ಇದಕ್ಕಿಂತ ಕಟುವಾದ ಪ್ರಶ್ನೆ. ನೋಂದಾಯಿಸಿದ ಇಮೇಲ್ ಯಾರದು? ಎರಡನೇ ಹಂತದ ಕೋಡ್ ಯಾರ ಫೋನಿಗೆ ಬರುತ್ತದೆ? ಬಹುಪಾಲು ಮನೆಗಳಲ್ಲಿ ಎರಡಕ್ಕೂ ಉತ್ತರ ಗಂಡನೇ. ಅವನು ಒಂದು ರಾತ್ರಿ ಜಗಳವಾಡಿ ಮಾಸ್ಟರ್ ಪಾಸ್‌ವರ್ಡ್ ಬದಲಿಸಿದರೆ ಅವಳು ತನ್ನ ಸಂಬಳದ ಖಾತೆಯಿಂದಲೂ ತನ್ನ ಮೇಲ್‌ನಿಂದಲೂ ಹೊರಗೆ ಬೀಳುತ್ತಾಳೆ. ಬದಲಿಸದೆ ಸುಮ್ಮನೆ ಕೂತು ದಿನಾ ಇಣುಕಿದರೂ ಅವಳಿಗೆ ತಿಳಿಯುವುದಿಲ್ಲ. ನಮ್ಮ ಅಜ್ಜಿಯರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೂ ಸಾಸಿವೆ ಡಬ್ಬಿಯಲ್ಲಿಟ್ಟ ದುಡ್ಡಿನ ಲೆಕ್ಕ ಅಜ್ಜನಿಗೆ ದಕ್ಕುತ್ತಿರಲಿಲ್ಲ. ತವರಿಂದ ಬಂದ ಟ್ರಂಕಿನ ಬೀಗದ ಕೈ ಅವರ ಸೊಂಟ ಬಿಟ್ಟು ಕದಲುತ್ತಿರಲಿಲ್ಲ. ಅಜ್ಜನೂ ಅದನ್ನು ಅಪನಂಬಿಕೆ ಎಂದು ಕರೆಯಲಿಲ್ಲ. ಇವತ್ತು ಎಂಜಿನಿಯರಿಂಗ್ ಮುಗಿಸಿ ಕೈತುಂಬ ದುಡಿಯುವ ಹೆಣ್ಣುಮಗಳು ತನ್ನದೇ ಪಿಎಫ್ ಪಾಸ್‌ಬುಕ್ ನೋಡಲು, ಮೀಟಿಂಗಿನಲ್ಲಿರುವ ಗಂಡನಿಗೆ "ರೀ, ಕೋಡ್ ಬಂತಾ?" ಎಂದು ಮೆಸೇಜ್ ಹಾಕಿ ಕಾಯುತ್ತಾಳೆ. ಇದನ್ನು ಆಧುನಿಕ ದಾಂಪತ್ಯ ಎಂದು ಕರೆಯಲು ನಮಗೆ ನಾಚಿಕೆಯಿಲ್ಲ.

ಉಪಾಯ ಕಷ್ಟದ್ದಾಗಿದ್ದರೆ ಕ್ಷಮೆಯಾದರೂ ಇರುತ್ತಿತ್ತು. ಬಿಟ್‌ವಾರ್ಡನ್ ಎಂಬ ಪಾಸ್‌ವರ್ಡ್ ಮ್ಯಾನೇಜರಿನಲ್ಲಿ ಇಬ್ಬರೂ ತಂತಮ್ಮ ಖಾತೆ ಇಟ್ಟುಕೊಂಡು, ಹಂಚಿಕೊಳ್ಳಬೇಕಾದಷ್ಟನ್ನು ಮಾತ್ರ ಇಬ್ಬರ ಸಾಮಾನ್ಯ ಸಂಗ್ರಹಕ್ಕೆ ಹಾಕಬಹುದು. ಇಬ್ಬರಿಗಾದರೆ ಒಂದು ಪೈಸೆಯೂ ಬೇಡ. ಒನ್‌ಪಾಸ್‌ವರ್ಡ್‌ನ ಕುಟುಂಬ ಯೋಜನೆಯಲ್ಲಿ ಪ್ರತಿಯೊಬ್ಬರಿಗೂ ಖಾಸಗಿ ತಿಜೋರಿಯೇ ಬೇರೆ. ಐಫೋನಿನಲ್ಲಿ 2023ರಿಂದ ಗುಂಪಿನೊಳಗೆ ಆಯ್ದ ಪಾಸ್‌ವರ್ಡ್ ಹಂಚುವ ಸೌಲಭ್ಯವಿದೆ. ಕರೆಂಟ್ ಬಿಲ್ಲು, ವೈಫೈ, ಗ್ಯಾಸ್ ಬುಕಿಂಗ್, ಮಗುವಿನ ಶಾಲೆಯ ಆ್ಯಪ್ ಇಬ್ಬರಿಗೂ ಇರಲಿ. ಇಮೇಲ್, ಬ್ಯಾಂಕು, ಡಿಜಿಲಾಕರ್, ಕಚೇರಿ ಅವರವರದೇ ಇರಲಿ. ಆಗ ನಾಳೆ ನಾನೇ ಹೋಗಿಬಿಟ್ಟರೆ ಎಂಬ ಕೊನೆಯ ಸಬೂಬು ಹೊರಬರುತ್ತದೆ. ಅದಕ್ಕೂ ದಾರಿ ಇದೆ. ನಾವು ಗೊತ್ತುಮಾಡಿದವರು ಕೇಳಿದ ಮೇಲೆ ಇಂತಿಷ್ಟು ದಿನ ಕಾದು, ನಾವು ಬೇಡವೆನ್ನದಿದ್ದರೆ ತಿಜೋರಿ ತೆರೆಯುವ ತುರ್ತು ಪ್ರವೇಶದ ಏರ್ಪಾಡು ಇಂಥ ಕೆಲವು ತಂತ್ರಾಂಶಗಳಲ್ಲಿದೆ. ಸುಮ್ಮನಾದ ಖಾತೆಯ ವಿವರ ಯಾರಿಗೆ ಹೋಗಬೇಕೆಂದು ಗೂಗಲ್‌ಗೆ ಮೊದಲೇ ಹೇಳಿಡಬಹುದು. ಸಾವಿಗೆ ಅಷ್ಟು ಅಂಜುವ ನಾವು ಅದನ್ನೂ ಮಾಡಿಟ್ಟಿಲ್ಲ.

ಈ ಉಡಾಫೆಯಲ್ಲಿ ತಂದೆತಾಯಿಗಳಾದ ನಮ್ಮ ಪಾಲೇನೂ ಕಡಿಮೆಯಲ್ಲ. ಮಗಳ ಮದುವೆಯಲ್ಲಿ ಬಳೆಯ ತೂಕ ಎರಡು ಸಲ ನೋಡಿದೆವು, ಬೆಳ್ಳಿ ಸಾಮಾನಿನ ಪಟ್ಟಿ ಬರೆದಿಟ್ಟೆವು, ಸೈಟು ಅವಳ ಹೆಸರಿಗೇ ಆಗಲೆಂದು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ದಿನವಿಡೀ ನಿಂತೆವು. ಅದೇ ಸೈಟಿನ ಇ-ಖಾತಾ ನೋಡುವ ಲಾಗಿನ್ ಈಗ ಯಾರ ಫೋನಿನಲ್ಲಿದೆ ಎಂದು ಅವಳನ್ನು ಒಂದು ದಿನವೂ ಕೇಳಲಿಲ್ಲ.