ಕೂಗಿ ಕರೆಯದ ನಿಲ್ದಾಣ

ಕಾಶಿಗೆ ಹೊರಟವರನ್ನು ಊರ ಗಡಿಯವರೆಗೆ ಹೋಗಿ ಬೀಳ್ಕೊಡುವುದು ನಮ್ಮ ಹಿಂದಿನವರ ಪದ್ಧತಿಯಾಗಿತ್ತು. ಹೋದವರು ಮರಳಿ ಬಂದರೆ ಅದು ವಿಶ್ವನಾಥನ ಕೃಪೆ. ಬಾರದಿದ್ದರೆ ಅವರ ಪುಣ್ಯ. ಇಂದು ಅದೇ ವಯಸ್ಸಿನ ತಂದೆತಾಯಿಗಳು ಡಲ್ಲಾಸಿಗೂ ಲಂಡನ್ನಿಗೂ ಹೊರಡುತ್ತಾರೆ. ಮಗಳ ಬಾಣಂತನ, ಮಗನ ಗೃಹಪ್ರವೇಶ, ಮೊಮ್ಮಗುವಿನ ನಾಮಕರಣ, ಇವೇ ಈಗಿನ ತೀರ್ಥಗಳು. ಮರಳಿ ಬರುವ ವಿಷಯದಲ್ಲಿ ಯಾರಿಗೂ ಸಂದೇಹವಿಲ್ಲ. ಆದರೂ ಹೊರಡುವ ದಿನ ಸಮೀಪಿಸಿದಂತೆಲ್ಲ ಮನೆಯಲ್ಲಿ ಒಂದು ಅಳುಕು ಸೇರಿಕೊಳ್ಳುತ್ತದೆ. ವಿಮಾನವೇರುವ ಭಯವಲ್ಲ ಅದು. “ನಡುವೆ ಎಲ್ಲೋ ಇಳಿದು ಬೇರೆ ವಿಮಾನ ಹತ್ತಬೇಕಂತೆ. ಅಲ್ಲಿ ದಾರಿ ತಪ್ಪಿದರೆ ಗತಿಯೇನು?” ಎಂಬುದೇ ಆ ಅಳುಕು.

ಬೆಂಗಳೂರಿನಿಂದ ಪಶ್ಚಿಮದ ದೇಶಗಳಿಗೆ ಹೋಗುವ ಅನೇಕರಿಗೆ ಆ “ಎಲ್ಲೋ” ಎಂಬುದು ದುಬೈ. ಅಲ್ಲಿನ ವಿಮಾನ ನಿಲ್ದಾಣ ೧೯೬೦ರ ಸೆಪ್ಟೆಂಬರಿನಲ್ಲಿ ಆರಂಭವಾದಾಗ ಅಲ್ಲಿದ್ದುದು ಮರಳನ್ನು ಗಟ್ಟಿಸಿ ಮಾಡಿದ ಒಂದು ಓಡುಹಾದಿ ಮಾತ್ರ. ೨೦೧೪ರಲ್ಲಿ ಅದು ಅಂತರರಾಷ್ಟ್ರೀಯ ಪ್ರಯಾಣಿಕರ ಸಂಖ್ಯೆಯಲ್ಲಿ ಲಂಡನ್ನಿನ ಹೀಥ್ರೂವನ್ನು ಹಿಂದೆ ಹಾಕಿತು. ೨೦೨೪ರ ಒಂದೇ ವರ್ಷದಲ್ಲಿ ಅದರ ಮೂಲಕ ಹಾದುಹೋದವರು ೯ ಕೋಟಿ ೨೩ ಲಕ್ಷ ಮಂದಿ. ೨೦೧೧ರ ಜನಗಣತಿಯಂತೆ ನಮ್ಮ ಕರ್ನಾಟಕದ ಜನಸಂಖ್ಯೆ ೬ ಕೋಟಿ ೧೧ ಲಕ್ಷ. ನಾಡಿನ ಜನರೆಲ್ಲ ಒಮ್ಮೆ ಹಾದುಹೋಗಿ, ಅವರಲ್ಲಿ ಅರ್ಧದಷ್ಟು ಮಂದಿ ಮತ್ತೊಮ್ಮೆ ಬಂದುಹೋದಂತಾಯಿತು!

ಇಷ್ಟು ಜನಸಂದಣಿ ಎಂದೊಡನೆ ನಮ್ಮ ಹಿರಿಯರು ಹೆದರುವುದು ಸಹಜ. ಆದರೆ ಜನಸಂದಣಿ ಅವರಿಗೆ ಹೊಸದೇನೂ ಅಲ್ಲ. ಮೈಸೂರಿನ ದಸರೆಯಲ್ಲಿ ಮಕ್ಕಳ ಕೈಹಿಡಿದು ನಡೆದವರು, ಬೆಳಗಿನ ಜಾವದಲ್ಲಿ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣದಲ್ಲಿ ಸರಿಯಾದ ಬಸ್ಸನ್ನು ಹುಡುಕಿ ಹತ್ತಿದವರು ಅವರು. ಬೇರೆಯಾಗಿರುವುದು ಜನರ ಸಂಖ್ಯೆಯಲ್ಲ, ಸ್ಥಳದ ಸ್ವಭಾವ. ನಮ್ಮ ಜಾತ್ರೆಯಲ್ಲಿ ಬರೆದ ಫಲಕ ಒಂದೂ ಇರುವುದಿಲ್ಲ. ಬಾಯಿಯೊಂದಿದ್ದರೆ ಸಾಕು, ದಾರಿ ತಾನಾಗಿ ತೆರೆಯುತ್ತದೆ. ನಮ್ಮ ಬಸ್ ನಿಲ್ದಾಣದಲ್ಲಿ ನಿರ್ವಾಹಕನೇ “ಹಾಸನ, ಹಾಸನ” ಎಂದು ಕೂಗಿ ಕರೆಯುತ್ತಾನೆ. ದುಬೈಯಲ್ಲಿ ಹಾಗಿಲ್ಲ. ಅಲ್ಲಿ ಎಲ್ಲವನ್ನೂ ಬರೆದಿದ್ದಾರೆ, ಯಾರೂ ಕೂಗುವುದಿಲ್ಲ. ಪ್ರತಿಯೊಂದು ವಿಮಾನ ಹೊರಡುವಾಗಲೂ ಧ್ವನಿವರ್ಧಕದಲ್ಲಿ ಕರೆ ಕೊಡುವ ರೂಢಿಯನ್ನು ಆ ನಿಲ್ದಾಣ ಕೈಬಿಟ್ಟಿದೆ. ನೂರಾರು ವಿಮಾನಗಳ ಕರೆಗಳು ಒಂದರ ಮೇಲೊಂದು ಬಿದ್ದರೆ ಯಾವುದೂ ಯಾರ ಕಿವಿಗೂ ಮುಟ್ಟದೆಂಬುದು ಅದಕ್ಕೆ ಕಾರಣವಾಗಿರಬೇಕು. ಕಾರಣವೇನೇ ಇರಲಿ, ಕರೆಯುವರೆಂದು ಕಾದು ಕುಳಿತವರು ಕುಳಿತೇ ಇರಬೇಕಾಗುತ್ತದೆ. ಈ ಒಂದು ಮಾತನ್ನು ಮೊದಲೇ ತಿಳಿಸಿದರೆ ಅರ್ಧ ಅಪಾಯ ಕಳೆದಂತೆ.

ಹಾಗಾದರೆ ಓದಬೇಕಾದುದು ಏನನ್ನು? ಅಕ್ಷರವೊಂದು, ಅಂಕಿಯೊಂದು, ಗಂಟೆಯೊಂದು, ಇಷ್ಟೇ. ನಿಲ್ದಾಣದಲ್ಲಿ ಮೂರು ಟರ್ಮಿನಲ್ಲುಗಳಿವೆ. ಎಮಿರೇಟ್ಸ್ ಸಂಸ್ಥೆಯ ವಿಮಾನಗಳು ಬಂದು ಹೋಗುವುದು ೨೦೦೮ರಲ್ಲಿ ತೆರೆದ ೩ನೆಯ ಟರ್ಮಿನಲ್ಲಿನಲ್ಲಿ. ಅದಕ್ಕೆ ಹೊಂದಿಕೊಂಡಂತೆ ಎ, ಬಿ, ಸಿ ಎಂಬ ಮೂರು ಮಹಾ ಮೊಗಸಾಲೆಗಳಿವೆ. ಎರಡು ಅಂತಸ್ತಿನ ಎ-೩೮೦ ವಿಮಾನಗಳಿಗೆಂದೇ ಕಟ್ಟಿದ ‘ಎ’ ಮೊಗಸಾಲೆ ೨೦೧೩ರಲ್ಲಿ ಆರಂಭವಾಯಿತು. ‘ಡಿ’ ಎಂಬುದು ೧ನೆಯ ಟರ್ಮಿನಲ್ಲಿಗೆ ಸೇರಿದ್ದು, ೨೦೧೬ರಲ್ಲಿ ತೆರೆದದ್ದು. ‘ಎಫ್’ ಎಂದು ಕಂಡರೆ ಅದು ೨ನೆಯ ಟರ್ಮಿನಲ್ಲು. ಓಡುಹಾದಿಗಳ ಆಚೆ ಬದಿಯಲ್ಲಿದೆ, ಬಸ್ಸಿನಲ್ಲಿ ಸುತ್ತಿ ಹೋಗಬೇಕು. ಬೋರ್ಡಿಂಗ್ ಪಾಸಿನ ಮೇಲೆ ‘ಬಿ ೨೨’ ಎಂದಿದ್ದರೆ ಬಿ ಮೊಗಸಾಲೆಯ ೨೨ನೆಯ ದ್ವಾರ ಎಂದರ್ಥ. ನಮ್ಮ ಬಡಾವಣೆಗಳಲ್ಲಿ ಮೊದಲು ಬ್ಲಾಕು, ಆಮೇಲೆ ಮನೆಯ ನಂಬರು ಹುಡುಕುವುದಿಲ್ಲವೆ? ಇದೂ ಹಾಗೆಯೇ. ಬಿ ಮತ್ತು ಸಿ ಒಂದಕ್ಕೊಂದು ಕೂಡಿಕೊಂಡಿರುವುದರಿಂದ ನಡೆದೇ ಹೋಗಬಹುದು. ಎ ಮತ್ತು ಬಿ ನಡುವೆ ಚಾಲಕನಿಲ್ಲದ ರೈಲು ಓಡಾಡುತ್ತದೆ. ಹತ್ತಲು ಟಿಕೆಟ್ಟು ಬೇಡ, ಹೆದರಿಕೆಯೂ ಬೇಡ.

ಇನ್ನು ಕ್ರಮದ ಮಾತು. ಒಂದೇ ಟಿಕೆಟ್ಟಿನಲ್ಲಿ ಮುಂದಿನ ಊರಿನವರೆಗೂ ಹೋಗುವವರು ದುಬೈಯಲ್ಲಿ ದೊಡ್ಡ ಪೆಟ್ಟಿಗೆಗಳಿಗಾಗಿ ಕಾಯಬೇಕಾಗಿಲ್ಲ. ಅವು ತಾವಾಗಿ ಮುಂದಕ್ಕೆ ಹೋಗುತ್ತವೆ. ಆದರೆ ಬೆಂಗಳೂರಿನಲ್ಲಿ ಪೆಟ್ಟಿಗೆ ಒಪ್ಪಿಸುವಾಗ, ಕೊಟ್ಟ ಚೀಟಿಯಲ್ಲಿ ಕೊನೆಯ ಊರಿನ ಸಂಕೇತವಿದೆಯೇ ಎಂದು ಕೇಳಿ ತಿಳಿದುಕೊಳ್ಳಬೇಕು. ಅಮೆರಿಕಕ್ಕೆ ಹೋಗುವವರು ಅಲ್ಲಿ ಮೊದಲು ಇಳಿಯುವ ಊರಿನಲ್ಲಿ ಪೆಟ್ಟಿಗೆಗಳನ್ನು ತೆಗೆದುಕೊಳ್ಳಬೇಕೆಂಬುದೂ ನೆನಪಿರಲಿ. ದುಬೈಯಲ್ಲಿ ವಿಮಾನದಿಂದ ಇಳಿದೊಡನೆ ಎರಡು ದಾರಿಗಳು ಕಾಣುತ್ತವೆ. ಊರೊಳಗೆ ಹೋಗುವವರದು ಒಂದು, ವಿಮಾನ ಬದಲಿಸುವವರದು ಮತ್ತೊಂದು. ‘ಕನೆಕ್ಷನ್ಸ್’ ಎಂದು ಬರೆದಿರುವುದೇ ನಮ್ಮ ದಾರಿ. ಅದರ ಕೊನೆಯಲ್ಲಿ ಮತ್ತೊಮ್ಮೆ ಕೈಚೀಲದ ತಪಾಸಣೆ. ಅದಾದ ಮೇಲೆ ದೊಡ್ಡ ಪರದೆಗಳು. ವಿಮಾನದ ಸಂಖ್ಯೆಯನ್ನು ಅಲ್ಲಿ ಹುಡುಕಿ, ದ್ವಾರವನ್ನು ಗುರುತು ಹಾಕಿಕೊಂಡು, ಮೊದಲು ಆ ದ್ವಾರದವರೆಗೆ ನಡೆದುಬಿಡಬೇಕು. ಕಾಫಿ, ಅಂಗಡಿ, ಹರಟೆ ಎಲ್ಲವೂ ಆಮೇಲೆ. ಪಾಸಿನಲ್ಲಿ ಅಚ್ಚಾದ ದ್ವಾರ ಬದಲಾಗುವುದುಂಟು. ಆದ್ದರಿಂದ ಆಗಾಗ ಪರದೆಯ ಕಡೆ ಕಣ್ಣಿರಲಿ. ಎಮಿರೇಟ್ಸಿನವರು ಹೊರಡುವ ಸಮಯಕ್ಕೆ ೨೦ ನಿಮಿಷ ಮೊದಲೇ ದ್ವಾರವನ್ನು ಮುಚ್ಚುತ್ತಾರೆ. ನಮ್ಮ ರೈಲಿನಂತೆ ಚಲಿಸುವಾಗ ಓಡಿಹೋಗಿ ಹತ್ತುವ ಸೌಲಭ್ಯ ಅಲ್ಲಿಲ್ಲ.

ಗಡಿಯಾರದ ವಿಷಯದಲ್ಲಿ ಎರಡು ಎಚ್ಚರಿಕೆಗಳಿವೆ. ದುಬೈಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಕೈಗಡಿಯಾರವನ್ನು ವಿಮಾನದಲ್ಲಿಯೇ ತಿದ್ದಿಕೊಳ್ಳುವುದು ಲೇಸು. ಎರಡನೆಯದು ಇನ್ನೂ ಸೂಕ್ಷ್ಮವಾದದ್ದು. ಪಂಚಾಂಗದ ದಿನ ಸೂರ್ಯೋದಯಕ್ಕೆ ಹುಟ್ಟುತ್ತದೆ. ವಿಮಾನದವರ ದಿನ ನಡುರಾತ್ರಿಯಲ್ಲಿ. ೧೦ನೆಯ ತಾರೀಖು ೨ ಗಂಟೆ ೩೦ ನಿಮಿಷ ಎಂದು ಟಿಕೆಟ್ಟಿನಲ್ಲಿದ್ದರೆ, ೯ನೆಯ ರಾತ್ರಿಯ ಊಟ ಮುಗಿಸಿ ಮನೆ ಬಿಡಬೇಕು. ೧೦ರ ಹಗಲೆಲ್ಲ ಕಳೆದು ರಾತ್ರಿ ಹೊರಟರೆ ವಿಮಾನ ಹೋಗಿ ಒಂದು ದಿನವೇ ಆಗಿರುತ್ತದೆ. ದಿನಶುದ್ಧಿ ನೋಡಿ ಹೊರಡುವ ಮನೆಗಳಲ್ಲಿ ಈ ಮಾತನ್ನು ಒಂದಕ್ಕೆರಡು ಸಲ ಹೇಳಬೇಕು.

ಕೈಚೀಲದ ಒಳಗಿನ ವಿಷಯ ಗೃಹಿಣಿಯರಿಗೆ ಸೇರಿದ್ದು. ತುಪ್ಪ, ಉಪ್ಪಿನಕಾಯಿ, ಗೊಜ್ಜುಗಳನ್ನು ಕೈಚೀಲದಲ್ಲಿಟ್ಟು ತಪಾಸಣೆಯವನೊಡನೆ ವಾದಿಸಿ ಫಲವಿಲ್ಲ. ಅವನ ದೃಷ್ಟಿಯಲ್ಲಿ ಅವೆಲ್ಲ ದ್ರವಗಳೇ. ಒಣಕೊಬ್ಬರಿಯನ್ನು ತಾನಾಗಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಸಾಲಿನಲ್ಲಿ ಸೇರಿಸಿರುವುದರಿಂದ ಅದನ್ನು ಮನೆಯಲ್ಲಿಯೇ ಬಿಡಬೇಕು. ಎಲ್ಲಕ್ಕಿಂತ ಮುಖ್ಯವಾದುದು ಗಸಗಸೆ. ನಮ್ಮಲ್ಲಿ ಹಬ್ಬದ ಪಾಯಸಕ್ಕೆ ಬೇಕಾಗುವ ಈ ನಿರಪರಾಧಿ ಕಾಳು ಅಫೀಮಿನ ಗಿಡದ ಬೀಜವಾದುದರಿಂದ ಸಂಯುಕ್ತ ಅರಬ್ ಸಂಸ್ಥಾನದಲ್ಲಿ ನಿಷಿದ್ಧ. ಅದರ ದೆಸೆಯಿಂದ ಸೆರೆಮನೆ ಕಂಡ ಪ್ರಯಾಣಿಕರ ಸುದ್ದಿ ಪತ್ರಿಕೆಗಳಲ್ಲಿ ಬಂದಿದೆ. ವೀಳ್ಯದೆಲೆಗೂ ಅಲ್ಲಿ ಪ್ರವೇಶವಿಲ್ಲ. ಮಗಳ ಸೀಮಂತಕ್ಕೆ ಹೊರಟ ತಾಯಿ ಒಂದು ಕಟ್ಟು ಎಲೆಯನ್ನೂ ಒಂದು ಪೊಟ್ಟಣ ಗಸಗಸೆಯನ್ನೂ ಸೀರೆಯ ಮಡಿಕೆಯಲ್ಲಿಡುವುದು ಎಷ್ಟು ಸಹಜ! ಅವಳಿಗೆ ಈ ವಿಷಯವನ್ನು ಮೊದಲೇ ತಿಳಿಸುವುದು ಮಕ್ಕಳ ಹೊಣೆಯಲ್ಲವೆ?

ಇಲ್ಲಿಗೆ ನನ್ನ ಮನಸ್ಸಿನಲ್ಲಿರುವ ಮುಖ್ಯ ವಿಷಯಕ್ಕೆ ಬಂದೆ. ಅಷ್ಟು ದೂರದಲ್ಲಿರುವ ಮಕ್ಕಳು ಈ ಹೊಣೆಯನ್ನು ಹೇಗೆ ನಿರ್ವಹಿಸುತ್ತಿದ್ದಾರೆ? ಅನೇಕರು ಒಂದು ಸುಲಭೋಪಾಯವನ್ನು ಕಂಡುಕೊಂಡಿದ್ದಾರೆ: ಟಿಕೆಟ್ಟಿನ ಜೊತೆಯಲ್ಲಿಯೇ ಎರಡು ಗಾಲಿಕುರ್ಚಿಗಳನ್ನು ಬರೆಸಿಬಿಡುತ್ತಾರೆ. ಅದಕ್ಕೆ ಹಣ ಕೊಡಬೇಕಾಗಿಲ್ಲ, ನೂಕುವವನಿಗೆ ದಾರಿ ಗೊತ್ತು, ತಂದೆತಾಯಿಗಳು ತಪ್ಪಿಸಿಕೊಳ್ಳುವಂತಿಲ್ಲ.

ದುಬೈಯಲ್ಲಿ ಒಮ್ಮೆ ಗಾಲಿಕುರ್ಚಿಯವರನ್ನು ಕೂರಿಸುವ ಜಾಗದ ಬಳಿ ತುಮಕೂರಿನ ಕಡೆಯ ವೃದ್ಧ ದಂಪತಿಗಳು ಕನ್ನಡ ಮಾತನಾಡುತ್ತಿದ್ದುದು ಕೇಳಿ ಹತ್ತಿರ ಹೋದೆ. ಅವರು ನಿವೃತ್ತ ಉಪಾಧ್ಯಾಯರು. “ಕಾಲು ನೋವೇ ಸ್ವಾಮಿ?” ಎಂದು ಕೇಳಿದೆ.

“ಕಾಲಿಗೇನೂ ಆಗಿಲ್ಲಪ್ಪ. ದಿನಾ ಬೆಳಿಗ್ಗೆ ಕೆರೆ ಏರಿ ಮೇಲೆ ಎರಡು ಮೈಲಿ ನಡೀತೀನಿ. ಇದರಲ್ಲಿ ಕೂತಿದ್ದರೆ ದಾರಿ ತಪ್ಪೋದಿಲ್ಲ ಅಂತ ಮಗ ಹೇಳಿದ” ಎಂದರು. ನಲವತ್ತು ನಿಮಿಷದಿಂದ ಅಲ್ಲಿ ಕುಳಿತಿದ್ದರಂತೆ. ಎದ್ದು ಹೋಗಲು ಸಂಕೋಚ. ಕುಳಿತಿರಲು ಅದಕ್ಕಿಂತ ಹೆಚ್ಚಿನ ಸಂಕೋಚ. ಪಕ್ಕದಲ್ಲಿ ನಿಜವಾಗಿಯೂ ಹೆಜ್ಜೆಯಿಡಲಾರದ ಒಬ್ಬ ಮುದುಕಿ, ಯಾವ ದೇಶದವಳೋ, ನೂಕುವವನಿಗಾಗಿ ಕಾಯುತ್ತಿದ್ದಳು. ಉಪಾಧ್ಯಾಯರ ದೃಷ್ಟಿ ಮತ್ತೆ ಮತ್ತೆ ಆಕೆಯ ಕಡೆಗೆ ಹೋಗುತ್ತಿತ್ತು. ಕೊನೆಗೆ ಅವರ ಪತ್ನಿ, “ಏನೂಂದ್ರೆ, ಅಲ್ಲಿ ಬಾಣದ ಗುರುತು ಹಾಕಿ ಬಿ ಅಂತ ಬರೆದಿದೆ, ನಮ್ಮ ಚೀಟೀಲೂ ಬಿ ಅಂತಲೇ ಇದೆ. ಮೊಮ್ಮಗಳಿಗೆ ಎ ಬಿ ಸಿ ಡಿ ಹೇಳಿಕೊಟ್ಟೋಳು ನಾನು. ಇಷ್ಟು ಓದಕ್ಕಾಗಲ್ವೆ?” ಎಂದರು. ಸಿಬ್ಬಂದಿಗೆ ತಿಳಿಸಿ ಮೂವರೂ ನಡೆದೆವು. ಹತ್ತು ನಿಮಿಷದ ದಾರಿ. ದಾರಿಯುದ್ದಕ್ಕೂ ಫಲಕಗಳನ್ನು ಗಟ್ಟಿಯಾಗಿ ಓದುತ್ತ ಮುಂದೆ ಹೋದವರು ಆಕೆಯೇ.

ನಡೆಯಲಾರದವರು, ಹೃದಯದ ಬೇನೆಯವರು, ಮಂಡಿಯ ನೋವಿನವರು ಗಾಲಿಕುರ್ಚಿಯನ್ನು ನಿಸ್ಸಂಕೋಚವಾಗಿ ಕೇಳಬೇಕು. ೪೮ ಗಂಟೆಗಳ ಮೊದಲೇ ತಿಳಿಸಿದರೆ ವ್ಯವಸ್ಥೆ ಸುಗಮವಾಗುತ್ತದೆ. ಅಕ್ಷರವೇ ತಿಳಿಯದವರು ಕೇಳಿದರೂ ತಪ್ಪಿಲ್ಲ. ನನ್ನ ಆಕ್ಷೇಪ ಹಿರಿಯರ ಮೇಲಲ್ಲ. ಅರ್ಧ ಗಂಟೆ ಕುಳಿತು ದಾರಿ ವಿವರಿಸಬೇಕಾದ ಕಡೆ ಒಂದು ಗುರುತು ಹಾಕಿ ಕೈತೊಳೆದುಕೊಳ್ಳುವ ನಮ್ಮ ತಲೆಮಾರಿನ ಮೇಲೆ. ಸಂಸಾರವನ್ನು ನಲವತ್ತು ವರ್ಷ ನಡೆಸಿದವರನ್ನು, ಬ್ಯಾಂಕು, ನ್ಯಾಯಾಲಯ, ಆಸ್ಪತ್ರೆಗಳನ್ನೆಲ್ಲ ಅಲೆದು ನಮ್ಮನ್ನು ಓದಿಸಿದವರನ್ನು, ವಿಳಾಸ ಬರೆದ ಗಂಟಿನಂತೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸುವುದು ಪ್ರೀತಿಯ ಲಕ್ಷಣವೆನಿಸಬಹುದು, ಗೌರವದ ಲಕ್ಷಣವಾಗಲಾರದು. ಜೊತೆಗೆ, ಕಾಲಿದ್ದವರು ಕುಳಿತಷ್ಟೂ ಕಾಲಿಲ್ಲದವರು ಕಾಯಬೇಕಾಗುತ್ತದೆ.

ತಿಳಿವಳಿಕೆಯ ಬೆಲೆ ಗೊತ್ತಾಗುವುದು ವ್ಯವಸ್ಥೆ ಕುಸಿದಾಗ. ೨೦೨೪ರ ಏಪ್ರಿಲ್ ೧೬ರಂದು ಆ ಮರುಭೂಮಿಯ ನಾಡಿನಲ್ಲಿ ೭೫ ವರ್ಷಗಳ ದಾಖಲೆಯಲ್ಲಿಯೇ ಕಾಣದಂಥ ಮಳೆ ಸುರಿಯಿತು. ಓಡುಹಾದಿಗಳಲ್ಲಿ ನೀರು ನಿಂತು ಸಾವಿರಕ್ಕೂ ಹೆಚ್ಚು ವಿಮಾನಗಳು ರದ್ದಾದವು. ಸಾವಿರಾರು ಮಂದಿ ನಿಲ್ದಾಣದಲ್ಲಿಯೇ ದಿನ ಕಳೆಯಬೇಕಾಯಿತು. ಅಂಥ ಹೊತ್ತಿನಲ್ಲಿ ಕುರ್ಚಿ ನೂಕುವವನನ್ನೊಬ್ಬನನ್ನೇ ನಂಬಿದವರ ಪಾಡೇನು? ತಮ್ಮ ವಿಮಾನದ ಸಂಖ್ಯೆಯನ್ನೇ ಅರಿಯದವರು ಯಾರನ್ನು, ಏನೆಂದು ಕೇಳಬೇಕು? ಎರಡು ಮೂರು ದಿನಗಳಿಗೆ ಸಾಲುವಷ್ಟು ಮದ್ದು, ವೈದ್ಯರ ಚೀಟಿ, ಒಂದು ಜೊತೆ ಬಟ್ಟೆ, ಇವು ಕೈಚೀಲದಲ್ಲಿರಬೇಕೆಂಬುದಕ್ಕೆ ಬೇರೆ ನಿದರ್ಶನ ಬೇಕಾಗಿಲ್ಲ.

ಕೇಳುವುದಕ್ಕೆ ಭಾಷೆಯ ತೊಡಕಿದೆಯೆಂಬ ಭಯವೂ ಅಲ್ಲಿ ಅಷ್ಟಾಗಿ ಬೇಡ. ಫಲಕಗಳು ಅರಬ್ಬೀ ಮತ್ತು ಇಂಗ್ಲಿಷಿನಲ್ಲಿದ್ದರೂ, ಹಿಂದಿ ಮಲಯಾಳಗಳನ್ನು ಬಲ್ಲ ಕೆಲಸಗಾರರು ಹೇರಳವಾಗಿದ್ದಾರೆ. ಮಂಗಳೂರು ಉಡುಪಿಗಳ ಕಡೆಯಿಂದ ಹೋಗಿ ದುಬೈಯಲ್ಲಿ ಬದುಕು ಕಟ್ಟಿಕೊಂಡವರೂ ಕಡಿಮೆಯಿಲ್ಲ. ನಿಲ್ದಾಣದಲ್ಲಿ ತುಳುವಿನ ಒಂದು ಮಾತು ಕಿವಿಗೆ ಬಿದ್ದರೆ ಆಶ್ಚರ್ಯಪಡಬೇಕಾಗಿಲ್ಲ.

ಆದ್ದರಿಂದ ತಂದೆತಾಯಿಗಳನ್ನು ಕರೆಸಿಕೊಳ್ಳುವ ಮಕ್ಕಳಿಗೆ ನನ್ನದೊಂದು ಸಲಹೆ. ಟಿಕೆಟ್ಟಿನ ಜೊತೆಯಲ್ಲಿ ನಿಮ್ಮ ಕೈಬರಹದ ಎರಡು ಹಾಳೆಗಳನ್ನು ಕಳುಹಿಸಿ. ಒಂದು ಇಂಗ್ಲಿಷಿನಲ್ಲಿ, ಇತರರಿಗೆ ತೋರಿಸುವುದಕ್ಕೆ: ಹೆಸರು, ವಿಮಾನದ ಸಂಖ್ಯೆಗಳು, ಸೇರಬೇಕಾದ ಊರು, ನಿಮ್ಮ ದೂರವಾಣಿ. ಇನ್ನೊಂದು ಕನ್ನಡದಲ್ಲಿ, ಅವರೇ ಓದಿಕೊಳ್ಳುವುದಕ್ಕೆ: ಇಳಿದೊಡನೆ ಯಾವ ಫಲಕ, ಆಮೇಲೆ ಯಾವ ತಪಾಸಣೆ, ಪರದೆಯಲ್ಲಿ ಏನನ್ನು ನೋಡಬೇಕು, ದುಬೈಯ ಗಡಿಯಾರದಲ್ಲಿ ಎಷ್ಟು ಗಂಟೆಗೆ ದ್ವಾರದ ಬಳಿ ಇರಬೇಕು. ಅಕ್ಷರಗಳು ದೊಡ್ಡದಾಗಿರಲಿ, ಕನ್ನಡಕ ಕೈಚೀಲದ ತಳದಲ್ಲಿದ್ದಾಗಲೂ ಓದುವಂತಿರಲಿ. ಹೊರಡುವ ಮೊದಲು ಎರಡು ಸಲ ಅವರಿಂದಲೇ ಓದಿಸಿ ಕೇಳಿ. ನಾವು ಮೊದಲ ಸಲ ಒಬ್ಬರೇ ಶಾಲೆಗೆ ಹೊರಟ ದಿನ ಎಲ್ಲಿ ರಸ್ತೆ ದಾಟಬೇಕು, ಯಾವ ಮೂಲೆಯಲ್ಲಿ ತಿರುಗಬೇಕು ಎಂದು ಅವರು ನಮ್ಮಿಂದ ಹೇಳಿಸಿ ಕೇಳಿದ್ದು ಹೀಗೆಯೇ.